ಪಾರಿವಾಳದ ಬಲೆಗೆ ನಾಲ್ಕು ಮಳೆಗಾಲ: ಹಪ್ಪಳವಂತೂ ಉಳಿಯಿತು

ಟೆರೇಸಿಗೆ ಬಲೆ ಹಾಕಿಸಿದ್ದು 2022ರ ಜನವರಿಯಲ್ಲಿ. ಈಗ ನಾಲ್ಕು ಮಳೆಗಾಲ ಕಳೆಯಿತು. ಹಾಕಿಸಿದ್ದು ಪಾರಿವಾಳದ ಕಾಟಕ್ಕೆ. ಆದರೆ ಇದರ ಬಗ್ಗೆ ಬರೆಯಬೇಕು ಅನಿಸಿದ್ದು ಹಪ್ಪಳದಿಂದ. ಆ ಕಥೆ ಆಮೇಲೆ. ದಾರ ಎಷ್ಟು ದಪ್ಪ, ಎಷ್ಟು ಕಿಲೋ ಭಾರ ತಡೆಯುತ್ತದೆ ಅನ್ನುವುದೆಲ್ಲ ಮಾರುವವರ ಕಾಗದದಲ್ಲೇ ಇರುತ್ತದೆ, ನೀವು ಓದಿರುತ್ತೀರಿ. ನನಗೆ ಅದರಲ್ಲಿ ಅರ್ಧವೂ ಅರ್ಥ ಆಗಿರಲಿಲ್ಲ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಕುಂಬಳೆ ಪೇಟೆಯಿಂದ ಸ್ವಲ್ಪ ಒಳಗೆ. ಟೆರೇಸಿನ ಅರ್ಧಕ್ಕೆ ಶೀಟು ಹಾಕಿದೆ. ಮಳೆಗೆ ಸೋರಬಾರದು ಅಂತ ಈ ಕಡೆ ಸುಮಾರು ಎಲ್ಲರೂ ಹಾಕಿಸುತ್ತಾರಲ್ಲ, ಹಾಗೆ. ಉಳಿದರ್ಧ ಬಯಲು, ಬಿಸಿಲಿಗೆ ಅಂತ ಬಿಟ್ಟದ್ದು. ಶೀಟಿನ ಅಡಿಯ ಕಬ್ಬಿಣದ ಪೈಪುಗಳು ಪಾರಿವಾಳಕ್ಕೆ ಹೇಳಿ ಮಾಡಿಸಿದ ಜಾಗ. ಮಳೆ ಇಲ್ಲ, ಬಿಸಿಲಿಲ್ಲ, ಬೆಕ್ಕು ಹತ್ತುವುದಿಲ್ಲ. ಎರಡು ಮನೆ ಆಚೆ ಒಂದು ಅಂಗಡಿಯ ಅಕ್ಕಿ ಗೋಡಾನು. ಮೂಟೆ ಇಳಿಸುವಾಗ ಚೆಲ್ಲಿದ ಅಕ್ಕಿ ಅಲ್ಲೇ ಬಿದ್ದಿರುತ್ತದೆ. ಅಲ್ಲಿ ಊಟ, ನಮ್ಮಲ್ಲಿ ವಸತಿ. ಮೊದಲು ಬಂದದ್ದು ಒಂದು ಜೋಡಿ. ಆಗ ನನಗೂ ಚಂದ ಕಂಡಿತ್ತು, ಸುಳ್ಳು ಯಾಕೆ ಹೇಳಲಿ. ವರ್ಷ ತಿರುಗುವಾಗ ಎಣಿಸಿದರೆ ಇಪ್ಪತ್ತೆಂಟು.

ಬೆಳಗ್ಗೆ ಶಾಲೆಗೆ ಹೊರಡುವ ಮೊದಲು ನನ್ನ ಮೊದಲ ಕೆಲಸ ಟೆರೇಸಿನ ಹಿಕ್ಕೆ ತೊಳೆಯುವುದು. ಹಗ್ಗದಲ್ಲಿ ಒಣಗಲು ಹಾಕಿದ ಬಟ್ಟೆಗೆ ಎರಡನೇ ಸಲ ನೀರು. ಅಡಿಕೆ ಹರಡಿದರೆ ಅದರ ಮೇಲೂ ಬಿಳಿ ಚುಕ್ಕೆ. ಪಾರಿವಾಳ ಅಡಿಕೆ ತಿನ್ನುವುದಿಲ್ಲ, ಅದಕ್ಕೆ ಅದು ಬೇಡ. ಆದರೆ ಅದರ ಮೇಲೆ ನಡೆಯಲಿಕ್ಕೆ ಏನೂ ಅಡ್ಡಿಯಿಲ್ಲ ನೋಡಿ.

ನಾನು ಮಾಡಿದ ಒಂದು ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ. ಒಣಗಿದ ಹಿಕ್ಕೆಯನ್ನು ಹಾಗೇ ಹಿಡಿಸೂಡಿಯಲ್ಲಿ ಗುಡಿಸುತ್ತಿದ್ದೆ. ಅದು ಸರಿಯಲ್ಲ. ಆ ಧೂಳು ಮೂಗಿಗೆ ಹೋಗುತ್ತದೆ. ಅದರಲ್ಲಿ ಶಿಲೀಂಧ್ರ ಬೆಳೆದಿರಬಹುದು. ದಿನಾ ಅದೇ ಧೂಳು ಕುಡಿದರೆ ಕೆಲವರ ಶ್ವಾಸಕೋಶವೇ ಊದಿಕೊಳ್ಳುತ್ತದೆ. ಅತ್ತೆಗೆ ಆ ವರ್ಷ ಕೆಮ್ಮು ಬಿಟ್ಟಿರಲಿಲ್ಲ. ಪಾರಿವಾಳದಿಂದಲೇ ಅಂತ ಡಾಕ್ಟರು ಹೇಳಲಿಲ್ಲ, ಅವರು ಹೇಳದ್ದನ್ನು ನಾನೂ ಹೇಳುವುದಿಲ್ಲ. ಆದರೆ ಮೊದಲು ನೀರು ಚಿಮುಕಿಸಿ, ನೆನೆಯಲು ಬಿಟ್ಟು, ಬಾಯಿಮೂಗಿಗೆ ಬಟ್ಟೆ ಕಟ್ಟಿಕೊಂಡು ಆಮೇಲೆ ತೆಗೆಯಿರಿ ಅಂದರು. ಅವತ್ತಿನಿಂದ ಹಾಗೇ ಮಾಡುತ್ತಿದ್ದೇನೆ.

ಬಲೆಗೆ ಮೊದಲು ದುಡ್ಡು ಕಳಕೊಂಡದ್ದು ಒಂದು ಪೆಟ್ಟಿಗೆಗೆ. ಆನ್‌ಲೈನಿನಲ್ಲಿ 1,450 ರೂಪಾಯಿ. ಮನುಷ್ಯರಿಗೆ ಕೇಳಿಸದ ಶಬ್ದ ಹೊರಡಿಸಿ ಹಕ್ಕಿ ಓಡಿಸುತ್ತದೆ ಅಂತ ಬರೆದಿತ್ತು. ಪ್ಲಗ್ಗಿಗೆ ಹಾಕಿದೆವು. ಹಸಿರು ದೀಪ ಹೊತ್ತಿತು. ಮೂರನೇ ದಿನ ಒಂದು ಪಾರಿವಾಳ ಅದರ ಮೇಲೆಯೇ ಕೂತು ಕೊರಳು ಉಬ್ಬಿಸಿ ಗುಟುರು ಹಾಕುತ್ತಿತ್ತು. ಆಮೇಲೆ ನಮ್ಮ ಶಾಲೆಯ ವಿಜ್ಞಾನದ ಸರ್ ಹೇಳಿದರು, ಹಕ್ಕಿಗಳ ಕಿವಿ ಅಷ್ಟು ಮೇಲಿನ ಸ್ವರಕ್ಕೆ ಹೋಗುವುದೇ ಇಲ್ಲ, ಪಾರಿವಾಳದ್ದಂತೂ ನಮ್ಮ ಕಿವಿಗಿಂತ ಕೆಳಗೇ ನಿಲ್ಲುತ್ತದೆ ಅಂತ. ನಮಗೆ ಕೇಳಿಸದ್ದು ಅದಕ್ಕೂ ಕೇಳಿಸದು. ದೀಪ ಮಾತ್ರ ಚೆನ್ನಾಗಿತ್ತು. ಮಗನ ಹಳೇ ಸಿಡಿಗಳನ್ನೂ ತೂಗುಹಾಕಿದ್ದೆವು. ಅದು ನಾಲ್ಕು ದಿನ ಕೆಲಸ ಮಾಡಿತು.

ಬಲೆ ಹಾಕಿಸು ಅಂದದ್ದು ಮುಂಬೈಯ ಅತ್ತಿಗೆ. "ಇಲ್ಲಿ ಬಲೆ ಇಲ್ಲದ ಕಿಟಕಿ ತೋರಿಸು ನೋಡುವಾ" ಅಂತ ಫೋನಿನಲ್ಲಿ ನಕ್ಕರು. ಆಮೇಲೆ 2025ರಲ್ಲಿ ಅಲ್ಲಿ ಪಾರಿವಾಳಕ್ಕೆ ಕಾಳು ಹಾಕುವ ಜಾಗಗಳನ್ನೇ ಮುಚ್ಚಿಸಲು ಹೊರಟು ದೊಡ್ಡ ಗಲಾಟೆ ಆಯಿತಲ್ಲ, ದಾದರಿನ ಕಬೂತರಖಾನೆಗೆ ತಾಡಪಾಲು ಹೊದೆಸಿದರಲ್ಲ, ಅವರು ಇರುವುದು ಅದಕ್ಕಿಂತ ಎರಡು ಸ್ಟೇಷನ್ ಆಚೆ. ಪಾರಿವಾಳದ ಕಾಟ ಗೊತ್ತಿದ್ದವರು, ಹಾಗಾಗಿ ಅವರ ಮಾತಿಗೆ ಬೆಲೆ ಕೊಟ್ಟೆ.

ಮಂಗಳೂರಿನ ಕಡೆಯಿಂದ ಇಬ್ಬರು ಹುಡುಗರು ಬಂದರು. ಮೊದಲ ಸಲ ಬಂದದ್ದು ನವೆಂಬರಿನಲ್ಲಿ. ಅವತ್ತೇ ಕೆಲಸ ಮುಗಿಯಬೇಕಿತ್ತು. ಆದರೆ ಪೈಪಿನ ಮೂಲೆಯಲ್ಲಿ ಗೂಡು. ಗೂಡು ಅನ್ನುವುದೂ ಜಾಸ್ತಿ, ಏಳೆಂಟು ಕಡ್ಡಿ, ಅದನ್ನು ಹಿಕ್ಕೆಯಲ್ಲೇ ಅಂಟಿಸಿದ್ದು. ಅದರಲ್ಲಿ ಎರಡು ಮೊಟ್ಟೆ. ಹುಡುಗರು ತೆಗೆದು ಬಿಸಾಡುತ್ತೇವೆ ಅಂದರು. ಅತ್ತೆ ಮೆಟ್ಟಿಲಲ್ಲೇ ನಿಂತು, "ಬಸುರಿ ಬಾಣಂತಿಯನ್ನು ಹೊರಗೆ ಹಾಕುವ ಮನೆ ಇದಲ್ಲ" ಅಂದುಬಿಟ್ಟರು. ಅಷ್ಟು ದಿನ ಪಾರಿವಾಳಕ್ಕೆ ಹಿಡಿಶಾಪ ಹಾಕಿದವರೂ ಅವರೇ! ಮೊಟ್ಟೆ ಒಡೆಯಲು ಹದಿನೆಂಟು ದಿನ. ಮರಿ ಹಾರಲು ಮತ್ತೆ ಒಂದು ತಿಂಗಳ ಮೇಲೆ. ಹುಡುಗರಿಗೆ ಬಸ್ಸಿನ ದುಡ್ಡು ಕೊಟ್ಟು ಕಳಿಸಿದೆವು. ನೀವು ಹಾಕಿಸುವುದಾದರೆ ಮೊದಲು ಗೂಡು ಇದೆಯಾ ನೋಡಿಕೊಳ್ಳಿ. ಮರಿ ಒಳಗೆ ಉಳಿದು ತಾಯಿ ಹೊರಗೆ ಆದರೆ ಆ ಪಾಪ ಬೇಡ. ಮರಿ ಸತ್ತ ವಾಸನೆಯೂ ಬೇಡ.

ಜನವರಿಯಲ್ಲಿ ಅರ್ಧ ದಿನದ ಕೆಲಸ. ಶೀಟಿನ ಅಡಿಯ ಮೂರೂ ಬದಿ, ಬಯಲಿನ ಭಾಗಕ್ಕೆ ಮೇಲಿನಿಂದ ಚಪ್ಪರದ ಹಾಗೆ. ಒಟ್ಟು 620 ಚದರಡಿ. ಅಡಿಗೆ 18 ರೂಪಾಯಿಯಂತೆ 11,160. ಕಣ್ಣಿಗೆ ಕಾಣದ ಹಾಗಿರುವ ಬಣ್ಣವಿಲ್ಲದ ನೈಲಾನ್ ಬಲೆ. ಐವತ್ತು ಮಿಲಿಮೀಟರಿನ ಕಣ್ಣು, ಅಂದರೆ ಬಲೆಯ ಒಂದೊಂದು ತೂತು ಅಷ್ಟು. "ಐದು ವರ್ಷ ಗ್ಯಾರಂಟಿ ಅಕ್ಕ" ಅಂದರು. ಆ ನಂಬರು ಈಗ ಹೋಗುವುದಿಲ್ಲ.

ಪಾರಿವಾಳದ ವಿಷಯ ಎರಡೇ ಮಾತಿನಲ್ಲಿ ಮುಗಿಯುತ್ತದೆ. ಒಂದು ವಾರ ಹೊರಗಿನಿಂದ ಬಲೆಗೆ ಎದೆ ತಾಗಿಸಿ ನೋಡಿದವು. ಆಮೇಲೆ ಬರಲಿಲ್ಲ.

ಈಗ ಹಪ್ಪಳ.

ನಮ್ಮಲ್ಲಿ ಏಪ್ರಿಲ್ ಬಂತೆಂದರೆ ಹಲಸಿನ ಹಪ್ಪಳ. ಬಲಿತ ಕಾಯಿ, ಹಣ್ಣಾಗಬಾರದು. ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಉಪ್ಪು ಮೆಣಸು ಜೀರಿಗೆ ಹಾಕಿ ಬಿಸಿ ಬಿಸಿ ಇರುವಾಗಲೇ ಅರೆಯುವುದು. ನೀರು ತಾಗಬಾರದು. ಉಂಡೆ ಕಟ್ಟಿ, ತೆಂಗಿನೆಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಲ್ಲಿ ಒತ್ತುವುದು. ಅತ್ತೆ ಒತ್ತಿದ ಹಪ್ಪಳ ಚಂದ್ರನ ಹಾಗೆ ಉರುಟು. ನಾನು ಒತ್ತಿದ್ದು ಕೇರಳದ ನಕ್ಷೆಯ ಹಾಗೆ, ಉದ್ದಕ್ಕೆ. ಹಿಟ್ಟಿನ ಉಂಡೆಗೆ ಸ್ವಲ್ಪ ತೆಂಗಿನೆಣ್ಣೆ ಹಾಕಿ ಹಾಗೇ ತಿನ್ನುವುದಿದೆಯಲ್ಲ, ಅದಕ್ಕೇ ನನ್ನ ಮಗ ಆ ದಿನ ಮನೆಯಲ್ಲಿ ಇರುತ್ತಾನೆ.

ಕಷ್ಟ ಇರುವುದು ಒಣಗಿಸುವುದರಲ್ಲಿ. ಓಲೆ ಚಾಪೆಯಲ್ಲಿ ಹರಡಿದರೆ ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರ ತನಕ ಯಾರಾದರೂ ಕಾಯಬೇಕು. ಕಾಗೆ ಒಂದು ಕಚ್ಚಿಕೊಂಡು ಹೋಗುತ್ತದೆ, ಮೂರನ್ನು ಕುಕ್ಕಿ ಹಾಳು ಮಾಡುತ್ತದೆ. ನನ್ನ ಬಾಲ್ಯದ ಬೇಸಗೆ ರಜೆ ಅರ್ಧ ಕಳೆದದ್ದು ಹೀಗೆ, ಒಂದು ಕೋಲು, ಒಂದು ಕಥೆಪುಸ್ತಕ, ತಲೆಗೆ ತೋರ್ತು. ಅತ್ತೆಯ ಉಪಾಯ ಬೇರೆ. ಚಾಪೆಯ ತಲೆಯಲ್ಲಿ ಕಪ್ಪು ಕೊಡೆ ಬಿಡಿಸಿ ಇಡುವುದು. ಕಪ್ಪು ಕಂಡರೆ ಕಾಗೆ ಹೆದರುತ್ತದೆ ಅಂತ. ಹೆದರುತ್ತಿತ್ತು, ಮಧ್ಯಾಹ್ನದ ತನಕ. ಆಮೇಲೆ ಕೊಡೆಯ ತುದಿಯಲ್ಲೇ ಕೂರುತ್ತಿತ್ತು. ನೂರು ಒತ್ತಿದರೆ ಹತ್ತು ಕಾಗೆಗೆ ಅಂತ ಅವರ ಲೆಕ್ಕದಲ್ಲೇ ಇತ್ತು. ಮಾವ ತೀರಿಕೊಂಡ ಮೇಲೆ, ಮೊಣಕಾಲು ನೋವು ಶುರುವಾದ ಮೇಲೆ, ಹಪ್ಪಳವೇ ನಿಂತಿತ್ತು. ನಾನು ಶಾಲೆಯಲ್ಲಿ, ಇವರು ಅಂಗಡಿಯಲ್ಲಿ. ಮೇಲೆ ಹತ್ತಿ ಕೂರುವವರು ಯಾರು?

2022ರ ಏಪ್ರಿಲಿನಲ್ಲಿ ಒಂದು ಭಾನುವಾರ ಅತ್ತೆ ಸುಮ್ನೆ ಪರೀಕ್ಷೆಗೆ ಅಂತ ಇಪ್ಪತ್ತು ಹಪ್ಪಳ ಬಲೆಯ ಕೆಳಗೆ ಹರಡಿದರು. ಯಾರೂ ಕಾಯಲಿಲ್ಲ. ಸಂಜೆ ಹೋಗಿ ಎಣಿಸಿದರು, ಇಪ್ಪತ್ತು. ಮತ್ತೊಮ್ಮೆ ಎಣಿಸಿದರು. ಆಮೇಲೆ ನನ್ನನ್ನು ಕರೆದು ಎಣಿಸಲು ಹೇಳಿದರು. ಆ ವರ್ಷ ನಾನೂರ ಐವತ್ತು ಹಪ್ಪಳ ಆಯಿತು. ಇಪ್ಪತ್ತೈದರ ಕಟ್ಟು ಮಾಡಿ ಬಾಳೆನಾರಿನಲ್ಲಿ ಕಟ್ಟಿ ಡಬ್ಬಕ್ಕೆ ತುಂಬಿಸಿದ್ದು ನೋಡಬೇಕಿತ್ತು. ಮುಂಬೈಗೆ ಆರು ಕಟ್ಟು ಹೋಯಿತು. ಬಲೆಯ ಸಲಹೆಗೆ ಫೀಸು ಅಂತ ಅತ್ತಿಗೆಯೇ ಕೇಳಿ ತರಿಸಿಕೊಂಡದ್ದು.

ಬಲೆಯ ಕೆಳಗೆ ಒಣಗಿಸುವವರಿಗೆ ಒಂದು ಗುಟ್ಟು: ಅಂಚಿನಿಂದ ಎರಡಡಿ ಬಿಟ್ಟು ಚಾಪೆ ಹಾಕಿ. ಅಂಚಿನ ಬಿಗಿ ತಂತಿಯ ಮೇಲೆ ಕಾಗೆ ಕೂರುತ್ತದೆ. ಕೂತ ಮೇಲೆ ಅದು ಮಾಡುವ ಕೆಲಸಕ್ಕೆ ಬಲೆ ಅಡ್ಡ ಬರುವುದಿಲ್ಲ.

ಇಲ್ಲಿಯ ತನಕ ಓದಿದವರು ಐದಕ್ಕೆ ಐದು ಅಂದುಕೊಂಡಿರುತ್ತೀರಿ. ನಾನೂ ಎರಡು ವರ್ಷ ಹಾಗೇ ಹೇಳುತ್ತಿದ್ದೆ.

2023ರ ಡಿಸೆಂಬರ್. ಶಾಲೆಯಿಂದ ಬಂದು ಬಟ್ಟೆ ತೆಗೆಯಲು ಮೇಲೆ ಹೋದರೆ ಬದಿಯ ಬಲೆಯಲ್ಲಿ ಒಂದು ಗೊರವಂಕ ತಲೆಕೆಳಗಾಗಿ ನೇತಾಡುತ್ತಿದೆ. ಒಂದು ಕಾಲಿಗೆ ದಾರ ಮೂರು ಸುತ್ತು. ಎಷ್ಟು ಹೊತ್ತಿನಿಂದ ಒದ್ದಾಡಿತ್ತೋ ಗೊತ್ತಿಲ್ಲ, ಕೂಗುವ ಶಕ್ತಿಯೂ ಇರಲಿಲ್ಲ. ಅದರ ಜೊತೆಯದ್ದು ಟ್ಯಾಂಕಿನ ಮೇಲೆ ಕೂತು ಕಿರುಚುತ್ತಿತ್ತು. ತೋರ್ತಿನಿಂದ ತಲೆ ಸಮೇತ ಮೈ ಮುಚ್ಚಿದೆ. ಕಣ್ಣಿಗೆ ಕತ್ತಲಾದರೆ ಹಕ್ಕಿ ಒದ್ದಾಡುವುದಿಲ್ಲ. ಉಗುರು ಕತ್ತರಿಸುವ ಕಟ್ಟರಿನಲ್ಲಿ ಒಂದೊಂದೇ ಎಳೆ ತುಂಡು ಮಾಡಿದೆ. ಎಳೆದು ಬಿಡಿಸಲು ಹೋಗಬೇಡಿ, ಕಾಲೇ ಕಿತ್ತು ಬರುತ್ತದೆ. ಅದು ಬದುಕಿ ಹಾರಿತು. ಆದರೆ ಒಂದು ಕಾಲು ಮಡಚಿಕೊಂಡೇ ಹಾರಿತು. ಮರುದಿನ ಅನ್ನ ಸೇರಲಿಲ್ಲ ನನಗೆ.

ಆಮೇಲೆ ತಿಳಿದದ್ದು ಇಷ್ಟು. ಐವತ್ತು ಮಿಲಿಮೀಟರ್ ಪಾರಿವಾಳದ ಅಳತೆ. ಗೊರವಂಕದಷ್ಟು ದೊಡ್ಡ ಹಕ್ಕಿ ಅದರಲ್ಲಿ ನುಸುಳುತ್ತದೆ, ನುಸುಳುವಾಗ ಸಿಕ್ಕಿಬೀಳಲೂಬಹುದು. ಅದನ್ನು ಹೊರಗೇ ನಿಲ್ಲಿಸಲು ಇಪ್ಪತ್ತೆಂಟು ಬೇಕು. ಗುಬ್ಬಿಗಾದರೆ ಹತ್ತೊಂಬತ್ತು. ದೊಡ್ಡ ತಪ್ಪು ಇನ್ನೊಂದು. ಕಾಣದ ಬಲೆ ಅಂತ ನಾವು ಖುಷಿಯಲ್ಲಿ ಹಾಕಿಸಿದ್ದು ಹಕ್ಕಿಗೂ ಕಾಣುವುದಿಲ್ಲ! ಮನೆಯ ಅಂದ ಕೆಡಬಾರದು ಅಂತ ಆರಿಸಿದ ಬಣ್ಣವಿಲ್ಲದ ತೆಳು ದಾರ, ಅದೇ ಕುಣಿಕೆ. ಹಾಕುವವರು ಇದನ್ನು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಬದಿಯ 180 ಚದರಡಿಯನ್ನು ತೆಗೆಸಿ ಕಪ್ಪು, ದಪ್ಪ ಹೆಣಿಗೆಯ, ಸಣ್ಣ ಕಣ್ಣಿನ ಬಲೆ ಹಾಕಿಸಿದೆವು. ಅಡಿಗೆ 26. ಮತ್ತೆ 4,680. ನೋಡಲು ಕೋಳಿಗೂಡಿನ ಹಾಗಿದೆ ಅಂತ ಇವರು ಗೊಣಗಿದರು. ಇರಲಿ. ಅಲ್ಲಿಂದ ಇಲ್ಲಿಯ ತನಕ ಒಂದು ಹಕ್ಕಿಯೂ ಸಿಕ್ಕಿಬಿದ್ದಿಲ್ಲ. ಮೇಲಿನ ಚಪ್ಪರಕ್ಕೂ ಹಾಕಿಸಬೇಕು, ಆಗ ದುಡ್ಡು ಸಾಲಲಿಲ್ಲ. ಸದ್ಯಕ್ಕೆ ಹಳೇ ರಿಬ್ಬನ್ ತುಂಡು ಕಟ್ಟಿದ್ದೇನೆ. ಶಾಲೆಯ ವಾರ್ಷಿಕೋತ್ಸವದ ಹಾಗೆ ಕಾಣುತ್ತದೆ.

ಎರಡನೇ ಬೇಸರ ಪಕ್ಕದ ಮನೆಯದ್ದು. ಒಂದು ದಿನ ಬೇಲಿಯ ಹತ್ತಿರ ಅಲ್ಲಿಯ ಅಕ್ಕ, "ಟೀಚರೇ, ನಿಮ್ಮ ಪಾರಿವಾಳದ ಬಿಡಾರ ಈಗ ನಮ್ಮಲ್ಲಿ" ಅಂದರು. ನಗುತ್ತಲೇ ಅಂದರು, ಆದರೆ ಪೂರ್ತಿ ನಗು ಅಲ್ಲ. ಹೌದು, ಬಲೆ ಪಾರಿವಾಳವನ್ನು ಕಡಿಮೆ ಮಾಡುವುದಿಲ್ಲ, ಪಕ್ಕಕ್ಕೆ ತಳ್ಳುತ್ತದೆ ಅಷ್ಟೆ. ಇಬ್ಬರೂ ಸೇರಿ ಅಕ್ಕಿ ಅಂಗಡಿಗೆ ಹೋದೆವು. ಕೋಪದಲ್ಲಿ ಹೋದದ್ದಲ್ಲ. ಮೂಟೆ ಇಳಿಸಿದ ದಿನ ಸಂಜೆಗೆ ಮೊದಲು ಗುಡಿಸಿ, ಗೋಡಾನಿನ ಬಾಗಿಲು ಹಾಕಿಡಿ ಅಂತ ಕೇಳಿದೆವು. ಮೊದಲು ಅವರು, "ಪ್ರಾವಲ್ಲೇ, ಅದೆಂದು ಚೆಯ್ಯಾನಾ" (ಪಾರಿವಾಳ ಅಲ್ವಾ, ಅದಕ್ಕೇನು ಮಾಡುವುದು) ಅಂತ ಮಲಯಾಳದಲ್ಲಿ ಕೈಚೆಲ್ಲಿದರು. ಆದರೆ ಚೆಲ್ಲಿದ ಅಕ್ಕಿಯೂ ದುಡ್ಡೇ ಅಲ್ವಾ. ಎರಡು ತಿಂಗಳಲ್ಲಿ ಅಲ್ಲಿ ಕೆಲಸದವರು ದಿನಾ ಗುಡಿಸಲು ಶುರು ಮಾಡಿದರು. ಈಗ ಇಡೀ ಓಣಿಯಲ್ಲಿ ಎಣಿಸಿದರೆ ಹತ್ತು ಪಾರಿವಾಳ ಇರಬಹುದು. ಹದಿನಾರು ಸಾವಿರ ಖರ್ಚು ಮಾಡಿದವಳು ಹೇಳುತ್ತಿದ್ದೇನೆ, ಆ ಹಿಡಿಸೂಡಿ ನನ್ನ ಬಲೆಗಿಂತ ಜಾಸ್ತಿ ಕೆಲಸ ಮಾಡಿತು.

ಕಳೆದ ವರ್ಷ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮಾವನ ತಿಥಿಯ ದಿನ ಇನ್ನೊಂದು ಫಜೀತಿ. ಕಾಗೆಗೆ ಇಡುವ ಎಲೆ ನಮ್ಮಲ್ಲಿ ಮೊದಲಿನಿಂದಲೂ ಟೆರೇಸಿನ ಗೋಡೆಯ ಮೇಲೆ. ಮಳೆ ಹೊಯ್ಯುತ್ತಿತ್ತು. ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ, ಎಲೆ ಇಟ್ಟು ಕೈಮುಗಿದು ನಿಂತೆವು. ಕಾಗೆ ಬಂತು. ತಂತಿಯ ಮೇಲೆ ಕೂತಿತು. ಒಮ್ಮೆ ಎಲೆ ನೋಡಿತು, ಒಮ್ಮೆ ನಮ್ಮನ್ನು ನೋಡಿತು. ನಡುವೆ ಬಲೆ. ಅತ್ತೆ ನನ್ನ ಕಡೆ ತಿರುಗಿದ ನೋಟ ಇನ್ನೂ ನೆನಪಿದೆ. ಇವರು ಒದ್ದೆ ಮುಂಡಿನಲ್ಲೇ ಸ್ಟೂಲು ಹತ್ತಿ ಮೂಲೆಯ ಕೊಕ್ಕೆ ಬಿಚ್ಚಿದರು. ಬಂದದ್ದು ನಾಲ್ಕು ಕಾಗೆ. ಇದೇ ಬೂದು ಕುತ್ತಿಗೆಯ ಕಾಗೆ ಪೂರ್ವ ಆಫ್ರಿಕಾಕ್ಕೆ ಹೋಗಿ ಅಲ್ಲಿಯ ಹಕ್ಕಿಗಳಿಗೆಲ್ಲ ಪೀಡೆಯಾಗಿದೆ. ಕೀನ್ಯಾದವರು 2024ರಲ್ಲಿ ಹತ್ತು ಲಕ್ಷ ಕಾಗೆ ಕೊಲ್ಲುತ್ತೇವೆ ಅಂತ ಹೇಳಿದ್ದರು. ನಾವು ಏಪ್ರಿಲಿನಲ್ಲಿ ಹುಷ್ ಅಂತ ಓಡಿಸಿ, ಆಟಿಯಲ್ಲಿ ಬಾ ಬಾ ಅಂತ ಕರೆಯುತ್ತೇವೆ. ಅದಕ್ಕೆ ಎಷ್ಟು ಗೊಂದಲ ಆಗಬೇಡ!

ಬಾಳಿಕೆಯ ವಿಷಯ. ನೈಲಾನ್ ಬಲೆ ಮೂರನೇ ಬೇಸಗೆಗೆ ಹಳದಿಯಾಯಿತು. ಬಿಸಿಲು ಬೀಳುವ ಕಡೆ ಕೈಯಲ್ಲಿ ಜಗ್ಗಿದರೆ ತುಂಡಾಗುತ್ತದೆ. ಶೀಟಿನ ನೆರಳಿನದ್ದು ಇನ್ನೂ ಗಟ್ಟಿ. ಕೊಕ್ಕೆಗಳು ತುಕ್ಕು ಹಿಡಿದು ಗೋಡೆಯಲ್ಲಿ ಕೆಂಪು ಗೆರೆ ಇಳಿದಿದೆ. ಕಡಲ ಗಾಳಿ ಇರುವ ಊರಿನವರು ಸ್ಟೀಲಿನ ಕೊಕ್ಕೆಯನ್ನೇ ಕೇಳಿ ಹಾಕಿಸಿ. ನಾಲ್ಕೈನೂರು ಜಾಸ್ತಿ ಆದರೆ ಆಗಲಿ.

ಕಳೆದ ಮೇ ತಿಂಗಳಲ್ಲಿ ತೆಂಗಿನ ಒಂದು ಒಣ ಮಡಲು ಬಿದ್ದು ಚಪ್ಪರದಲ್ಲಿ ಮೊಳದುದ್ದ ತೂತು. ಗ್ಯಾರಂಟಿಯ ನಂಬರಿಗೆ ಫೋನು ಮಾಡಿ ಮಾಡಿ ಸುಸ್ತಾಯಿತು. ಕೊನೆಗೆ ಮೀನು ತರುವ ಅಣ್ಣನ ಹತ್ತಿರ ಕೇಳಿದೆ, ಅವರ ಮನೆಯವರು ಕಡಲಿಗೆ ಹೋಗುವವರು. ಒಂದು ಸಂಜೆ ಅವರ ತಂದೆಯೇ ಬಂದರು, ಕಿಸೆಯಲ್ಲಿ ಬಲೆ ಹೆಣೆಯುವ ಸೂಜಿ. ಮೇಲೆ ನೋಡಿ ನಕ್ಕರು. "ಇದು ಬಲೆಯಾ ಟೀಚರೇ? ಇದರಲ್ಲಿ ಬೂತಾಯಿ ಮೀನು ಸಹ ನಿಲ್ಲುವುದಿಲ್ಲ." ಹತ್ತು ನಿಮಿಷದಲ್ಲಿ ಗಂಟು ಹಾಕಿ ಮುಗಿಸಿದರು. ಬೆರಳು ಹೋಗುವ ವೇಗ ನೋಡುತ್ತಾ ನಿಂತದ್ದು ನಾನೊಬ್ಬಳೇ ಅಲ್ಲ, ಅತ್ತೆಯೂ ಮೆಟ್ಟಿಲು ಹತ್ತಿ ಬಂದಿದ್ದರು. ದುಡ್ಡು ಮುಟ್ಟಲಿಲ್ಲ. ಒಂದು ಕಟ್ಟು ಹಪ್ಪಳ ತೆಗೆದುಕೊಂಡರು. ಇಡೀ ಚಪ್ಪರದಲ್ಲಿ ಈಗ ಗಟ್ಟಿ ಇರುವ ಜಾಗ ಅದೊಂದೇ.

ಅಂಕ ಕೇಳಿದರೆ ಐದಕ್ಕೆ ಮೂರೂವರೆ. ಕಪ್ಪು ಬಲೆಗೆ ಆದರೆ ನಾಲ್ಕೂವರೆ. ಬಾಡಿಗೆ ಮನೆಯವರಿಗೆ, ಟೆರೇಸಿನಲ್ಲಿ ಏನೂ ಒಣಗಿಸದವರಿಗೆ ಇಷ್ಟು ಖರ್ಚು ಬೇಡ. ಮೊದಲು ಅಕ್ಕಪಕ್ಕ ಎಲ್ಲಿ ಕಾಳು ಚೆಲ್ಲುತ್ತದೆ ನೋಡಿ.

ಮುಂದಿನ ಬೇಸಗೆಗೆ ಮೊದಲು ಚಪ್ಪರ ಬದಲಿಸಲು ಚೀಟಿಯ ದುಡ್ಡು ತೆಗೆದಿಟ್ಟಿದ್ದೇನೆ. ಅತ್ತೆಗೆ ಬಲೆಯ ಮೇಲೆ ನಂಬಿಕೆ ಬಂದಿದೆ ಅಂತಲೇ ನಾನು ತಿಳಿದಿದ್ದೆ. ಈ ವರ್ಷವೂ ಹಪ್ಪಳ ಹರಡಿದ ದಿನ ಮೇಲೆ ಹೋಗಿ ನೋಡಿದರೆ ಬಲೆಯ ಕೆಳಗೆ ಚಾಪೆ, ಚಾಪೆಯ ತಲೆಯಲ್ಲಿ ಕಪ್ಪು ಕೊಡೆ, ಬಿಡಿಸಿ ಇಟ್ಟಿದ್ದಾರೆ.